ಕೈ ಬರೆಯಲು ಬಾರದ ವ್ಯಾನ್ ಗೋ

ವ್ಯಾನ್ ಗೋ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸೂರ್ಯಕಾಂತಿ, ಸುಳಿ ಸುಳಿಯಾದ ರಾತ್ರಿಯ ಆಕಾಶ, ಆಮೇಲೆ ಅವನೇ ಕೊಯ್ದುಕೊಂಡ ಆ ಕಿವಿ. ಕಾಫಿ ಮಗ್ಗಿನ ಮೇಲೂ ಅವೇ, ಫೋನ್ ಕವರಿನ ಮೇಲೂ ಅವೇ. ನನಗೆ ಇಷ್ಟವಾದ ವ್ಯಾನ್ ಗೋ ಅದಕ್ಕೂ ಮುಂಚಿನವನು. 1880ರಿಂದ 1885ರವರೆಗಿನವನು. ಪೆನ್ಸಿಲು, ಇದ್ದಿಲು, ಶಾಯಿ ಹಿಡಿದು ಒದ್ದಾಡಿದವನು. ಮನುಷ್ಯರ ಕೈ ನೆಟ್ಟಗೆ ಬರೆಯಲು ಬಾರದೆ ಗೋಳಾಡಿದವನು. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಆ ದಿನಗಳಲ್ಲಿ ಅವನಿಗೆ ಪತ್ರಿಕೆಗಳಿಗೆ ಚಿತ್ರ ಬರೆದುಕೊಡುವ ಇಲಸ್ಟ್ರೇಟರ್ ಆಗಬೇಕು ಅಂತ ಆಸೆಯಿತ್ತು.

ಅಂದರೆ ನಾನು ಮಾಡುವ ಕೆಲಸ. ನಾನು ಬೆಂಗಳೂರಿನಲ್ಲಿ ಕೂತು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಈ ಕಸುಬಿಗೆ ಬಂದವರಿಗೆಲ್ಲ ಕೈ ಅಂದರೆ ಭಯ. ಕಣ್ಣು, ಮೂಗು, ಜಡೆ, ಲಂಗ ಎಲ್ಲ ಹೇಗೋ ಬರುತ್ತದೆ. ಕೈ ಮಾತ್ರ ಬರುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಂದಷ್ಟು ಉಪಾಯಗಳಿವೆ. ಹುಡುಗನ ಕೈಯನ್ನು ಜೇಬಿಗೆ ತುರುಕುವುದು. ಹುಡುಗಿಯ ಕೈಯನ್ನು ಬೆನ್ನ ಹಿಂದೆ ಕಟ್ಟುವುದು. ಅಜ್ಜಿಗೆ ಶಾಲು ಹೊದಿಸುವುದು. ಯಾರಾದರೂ ಪೋರ್ಟ್‌ಫೋಲಿಯೋ ಕಳಿಸಿದರೆ ನಾನು ಮೊದಲು ಹುಡುಕುವುದು ಕೈ ಎಲ್ಲಿದೆ ಅಂತ. ಹತ್ತು ಪುಟ ತಿರುವಿದರೂ ಒಂದು ಪೂರ್ತಿ ಕೈ ಸಿಗದಿದ್ದರೆ, ಪಾಪ, ನಮ್ಮವರೇ ಅಂದುಕೊಳ್ಳುತ್ತೇನೆ.

ಅಳುಕು ಗೆರೆಯಲ್ಲಿ ಸಿಕ್ಕಿಬೀಳುತ್ತದೆ. ಬರೆಯುವವರಿಗೆ ಧೈರ್ಯವಿಲ್ಲದಿದ್ದರೆ ಗೆರೆ ಒಂದೇ ಎಳೆತಕ್ಕೆ ಹೋಗುವುದಿಲ್ಲ, ಸಣ್ಣ ಸಣ್ಣ ತುಂಡಾಗಿ, ಕೂದಲು ಕೂದಲಾಗಿ ಹೋಗುತ್ತದೆ. ಈಗ ಟ್ಯಾಬ್ಲೆಟ್‌ನಲ್ಲಿ ಅದಕ್ಕೂ ಮದ್ದಿದೆ. ಸ್ಟೆಬಿಲೈಸರ್ ಅಂತ ಒಂದು ಸ್ಲೈಡರ್. ಅದನ್ನು ಜಾಸ್ತಿ ಮಾಡಿದರೆ ನಡುಗುವ ಗೆರೆಯೂ ರೇಷ್ಮೆಯ ಹಾಗೆ ಬರುತ್ತದೆ. ತಪ್ಪಾದರೆ ಅನ್‌ಡು. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಬರೆದವರಿಗೆ ಗೊತ್ತಿರುತ್ತದೆ. ಈಗ ಎಐ ಬೇರೆ ಬಂದಿದೆ. ಅದರ ಬಗ್ಗೆ ಇನ್ನೊಂದು ದಿನ ಬೈದುಕೊಳ್ಳೋಣ.

ಇಪ್ಪತ್ತರ ಆಸುಪಾಸಿನಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ ಪ್ರಶ್ನೆ: ನಾನು ನಿಜವಾಗಿಯೂ ಕಲಾವಿದನಾ, ಅಥವಾ ಸುಮ್ನೆ ನಟಿಸುತ್ತಿದ್ದೇನಾ? ಚಿತ್ರಕ್ಕೆ ಲೈಕ್ ಬಂದರೆ ಹೌದು, ಬರದಿದ್ದರೆ ಇಲ್ಲ. ಮನೆಗೆ ಬಂದ ನೆಂಟರು "ಡ್ರಾಯಿಂಗ್ ಸರಿ ಕಣೋ, ಕೆಲಸಕ್ಕೆ ಏನ್ ಮಾಡ್ತೀಯಾ?" ಅಂದರೆ ಆ ವಾರವೆಲ್ಲ ಇಲ್ಲ. ಈ ಪ್ರಶ್ನೆ ಎಷ್ಟು ಕೇಳಿಕೊಂಡರೂ ಒಂದು ಬೆರಳೂ ನೆಟ್ಟಗಾಗಲಿಲ್ಲ. ಹಾಗಂತ ಆಗ ಗೊತ್ತಿರಲಿಲ್ಲ. ಗೊತ್ತಾಗಿದ್ದು ವ್ಯಾನ್ ಗೋ ತನ್ನ ತಮ್ಮ ಥಿಯೋಗೆ ಬರೆದ ಪತ್ರಗಳನ್ನು ಓದುವಾಗ.

ಆ ಪತ್ರಗಳು ಉಳಿದಿರುವುದೇ ನಮ್ಮ ಪುಣ್ಯ. ಎಲ್ಲರಿಗೂ ಸೇರಿ ಅವನು ಬರೆದವು ಎಂಟುನೂರಕ್ಕೂ ಜಾಸ್ತಿ ಸಿಕ್ಕಿವೆ. ಅದರಲ್ಲಿ 1880ರ ಬೇಸಿಗೆಯದೊಂದು ಪತ್ರವಿದೆ. ಆಗ ಅವನಿಗೆ 27 ವರ್ಷ. ಅಷ್ಟು ಹೊತ್ತಿಗೆ ಅವನು ಮಾಡದ ಕೆಲಸವಿಲ್ಲ. ಹದಿನಾರಕ್ಕೇ ಗೂಪಿಲ್ ಅನ್ನುವ ದೊಡ್ಡ ಕಲಾ ವ್ಯಾಪಾರದ ಕಂಪನಿ ಸೇರಿದ. ಹೇಗ್, ಲಂಡನ್, ಪ್ಯಾರಿಸ್ ಅಂತ ತಿರುಗಿದ. 1876ರಲ್ಲಿ ಅಲ್ಲಿಂದ ಹೊರಬಿದ್ದ. ಇಂಗ್ಲೆಂಡಿನಲ್ಲಿ ಮೇಷ್ಟ್ರಾದ. ಪುಸ್ತಕದಂಗಡಿಯಲ್ಲಿ ಕೂತ. ಪಾದ್ರಿಯಾಗಲು ಓದಿದ, ಅರ್ಧಕ್ಕೆ ಬಿಟ್ಟ. ಬೆಲ್ಜಿಯಂನ ಬೋರಿನಾಜ್ ಅನ್ನುವ ಕಲ್ಲಿದ್ದಲು ಗಣಿಯ ಸೀಮೆಗೆ ಧರ್ಮಪ್ರಚಾರಕ್ಕೆ ಹೋದ, ಅಲ್ಲೂ ಅವನನ್ನು ಮುಂದುವರಿಸಲಿಲ್ಲ. ಮನೆಯವರಿಗೆ ಸಾಕಾಗಿತ್ತು. ತಮ್ಮನ ಜೊತೆಗೂ ಹತ್ತಿರ ಹತ್ತಿರ ಒಂದು ವರ್ಷ ಮಾತಿಲ್ಲ, ಪತ್ರವಿಲ್ಲ.

ಆಮೇಲೆ ಬರೆದದ್ದು ಈ ಪತ್ರ. ತುಂಬಾ ಉದ್ದ. ನನ್ನೊಳಗೆ ಏನೋ ಇದೆ, ಆದರೆ ಅದೇನು? ನಾನು ಯಾವುದಕ್ಕೆ ಉಪಯೋಗಕ್ಕೆ ಬರಬಹುದು? ಹೀಗೇ ಹೋಗುತ್ತದೆ. ವಸಂತದಲ್ಲಿ ಪಂಜರದ ಸರಳಿಗೆ ತಲೆ ಬಡಿದುಕೊಳ್ಳುವ ಹಕ್ಕಿಯ ಮಾತೂ ಅದರಲ್ಲೇ ಬರುತ್ತದೆ. ಎಲ್ಲರೂ ಮೆಚ್ಚುವ ಪತ್ರ. ನಾನೂ ಓದಿ ಕಣ್ಣೀರು ಹಾಕಿದವನೇ. ಯಾಕೆಂದರೆ ಅದರಲ್ಲಿ ಇರುವುದೆಲ್ಲ ನನ್ನದೇ ಪ್ರಶ್ನೆ.

ಆದರೆ ಒಂದೆರಡು ತಿಂಗಳು ಬಿಟ್ಟು ಬರೆದ ಪತ್ರಗಳನ್ನು ಓದಿದರೆ ಬೇರೆ ಯಾರೋ ಬರೆದ ಹಾಗಿವೆ. ಆಗಸ್ಟ್ ಹೊತ್ತಿಗೆ ಅವನು ಚಿತ್ರ ಬರೆಯಲು ಕೂತುಬಿಟ್ಟಿದ್ದಾನೆ. ಫ್ರೆಂಚ್ ಚಿತ್ರಕಾರ ಮಿಲೆಯ ಹೊಲದ ಕೆಲಸದ ಚಿತ್ರಗಳಿದ್ದರೆ ಕಳಿಸು ಅನ್ನುತ್ತಾನೆ. ಶಾರ್ಲ್ ಬಾರ್ಗ್ ಅನ್ನುವವನು ಕಲಿಯುವವರಿಗಾಗಿ ಮಾಡಿದ ಹಾಳೆಗಳನ್ನು ಹೇಗ್‌ನ ಟೆರ್ಸ್ಟೀಖ್‌ರಿಂದ ತರಿಸಿಕೊಂಡು ನಕಲು ಮಾಡುತ್ತಾನೆ. ಅದರ ಇದ್ದಿಲಿನ ಅಭ್ಯಾಸದ ಭಾಗ 60 ಹಾಳೆಗಳದ್ದು. ಅದನ್ನು ಒಂದಕ್ಕಿಂತ ಹೆಚ್ಚು ಸಲ ಪೂರ್ತಿ ಮಾಡಿದ. ಆ ಹಾಳೆಗಳನ್ನು ಅಚ್ಚು ಹಾಕಿಸಿದ್ದು ಯಾರು ಅಂದರೆ ಅದೇ ಗೂಪಿಲ್, ಅವನು ಕೆಲಸ ಕಳೆದುಕೊಂಡ ಕಂಪನಿ. ಟೆರ್ಸ್ಟೀಖ್ ಅಲ್ಲಿ ಅವನಿಗೆ ಮೇಲಧಿಕಾರಿಯಾಗಿದ್ದವರು.

ಅಲ್ಲಿಂದ ಮುಂದೆ ಪತ್ರಗಳ ತುಂಬ ಸಣ್ಣಪುಟ್ಟ ತೊಂದರೆಗಳು. ಈ ಕಾಗದ ಶಾಯಿ ಕುಡಿಯುತ್ತದೆ. ಈ ಪೆನ್ಸಿಲು ಹೊಳೆಯುತ್ತದೆ, ಹೊಳಪು ಹೋಗಲು ಹಾಲು ಹೊಯ್ದೆ. ನಿಜವಾಗಿಯೂ ಚಿತ್ರದ ಮೇಲೆ ಹಾಲು ಹೊಯ್ಯುತ್ತಿದ್ದ. ಬಡಗಿಗಳ ದಪ್ಪ ಪೆನ್ಸಿಲು ಒಳ್ಳೆಯದು. ಬಗ್ಗಿ ನೆಲ ಅಗೆಯುವವನ ಬೆನ್ನು ಹೇಗೆ ಹೋಗುತ್ತದೆ? ಅನುಮಾನ ಹೋಗಿಲ್ಲ. ಅವನ ಮೇಲಿದ್ದದ್ದು ಚಿತ್ರದ ಮೇಲೆ ಬಂದು ಕೂತಿದೆ, ಅಷ್ಟೇ. 'ನಾನು ಏನು?' ಅಂತ ಕೇಳಿಕೊಳ್ಳುತ್ತಿದ್ದವನು 'ಈ ಮೊಣಕಾಲು ಯಾಕೆ ಹೀಗಾಯಿತು?' ಅಂತ ಕೇಳತೊಡಗಿದ. ಮೊದಲನೆಯದಕ್ಕೆ ಉತ್ತರ ಹೇಳುವವರು ಯಾರೂ ಇಲ್ಲ. ಎರಡನೆಯದಕ್ಕೆ ಇದ್ದಾರೆ. ಮೊಣಕಾಲೇ ಹೇಳುತ್ತದೆ.

ಹೇಳಿದವರಲ್ಲಿ ಒಬ್ಬರು ಆಂಟನ್ ಮೋವ್. ಹೇಗ್‌ನ ದೊಡ್ಡ ಚಿತ್ರಕಾರ, ತಾಯಿಯ ಕಡೆಯ ಸೋದರಸಂಬಂಧಿಯ ಗಂಡ. 1881ರ ಕೊನೆಯಲ್ಲಿ ಅವರ ಹತ್ತಿರ ಹೋಗಿ ಕೆಲವು ವಾರ ಕಲಿತ. ಮೋವ್ ಅವನ ಚಿತ್ರಗಳನ್ನು ನೋಡಿ ಹೇಳಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು: ಎದುರು ಕೂರಿಸಿಕೊಂಡವರಿಗೆ ನೀನು ತೀರಾ ಹತ್ತಿರ ಕೂರುತ್ತೀಯ, ಅದಕ್ಕೇ ಅಳತೆ ಸಿಗುತ್ತಿಲ್ಲ. ಪ್ರತಿಭೆಯ ಮಾತಿಲ್ಲ, ಹಣೆಬರಹದ ಮಾತಿಲ್ಲ. ಕುರ್ಚಿ ಹಿಂದಕ್ಕೆ ಹಾಕು ಅಂತ. ನನಗೂ ಯಾರಾದರೂ ಆ ವಯಸ್ಸಿನಲ್ಲಿ ಇಂಥದ್ದೊಂದು ಮಾತು ಹೇಳಿದ್ದರೆ ಎಷ್ಟು ಸಂಜೆಗಳು ಉಳಿಯುತ್ತಿದ್ದವೋ. "ಇನ್ನೂ ಸ್ವಲ್ಪ ಕ್ಯೂಟ್ ಮಾಡಿ", "ಏನೋ ಒಂಥರಾ ಮಿಸ್ಸಿಂಗ್", ಇವು ನನಗೆ ಸಿಕ್ಕ ಫೀಡ್‌ಬ್ಯಾಕ್‌ಗಳು.

ಮೋವ್ ಜೊತೆಗೂ ಕೊನೆಗೆ ಕೆಟ್ಟಿತು ಅನ್ನಿ. ಪ್ಲಾಸ್ಟರ್ ಬೊಂಬೆ ಇಟ್ಟುಕೊಂಡು ಬರೆ ಅಂದರು, ಇವನು ಆ ಬೊಂಬೆಗಳನ್ನು ಒಡೆದು ಕಲ್ಲಿದ್ದಲಿನ ಡಬ್ಬಕ್ಕೆ ಹಾಕಿದ. ಇವನ ಜೊತೆ ಏಗುವುದು ಯಾರಿಗೂ ಸುಲಭವಿರಲಿಲ್ಲ.

ಹೇಗ್‌ನಲ್ಲೇ ಇಲಸ್ಟ್ರೇಟರ್ ಆಗುವ ಹುಚ್ಚು ಹಿಡಿದದ್ದು. ಆ ಕಾಲದಲ್ಲಿ ಲಂಡನ್ನಿನ 'ದಿ ಗ್ರಾಫಿಕ್', 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಗಳಲ್ಲಿ ಮರದ ಅಚ್ಚಿನ ದೊಡ್ಡ ದೊಡ್ಡ ಚಿತ್ರಗಳು ಬರುತ್ತಿದ್ದವು. ಅನ್ನಕ್ಕೆ ಸಾಲು ನಿಂತವರು, ಗಣಿಯವರು, ಆಸ್ಪತ್ರೆಯ ಮುದುಕರು. ಇವನು ಅವನ್ನು ನೂರಾರು ಸಂಗ್ರಹಿಸಿದ. 1870ರಿಂದ 1880ರವರೆಗಿನ ಗ್ರಾಫಿಕ್‌ನ ಸಂಪುಟಗಳನ್ನೇ ಕೊಂಡುಕೊಂಡ. ಊಟಕ್ಕೆ ತಮ್ಮ ಕಳಿಸುವ ದುಡ್ಡೇ ಗತಿಯಾಗಿದ್ದ ಕಾಲ ಅದು. ನಮ್ಮಲ್ಲಿ ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ ಕೈ ಮಸಿ ಮಾಡಿಕೊಂಡವರಿಗೆ ಈ ರೋಗ ಗೊತ್ತಿರುತ್ತದೆ.

ಕೆಲಸವೂ ಒಂದಿಷ್ಟು ಸಿಕ್ಕಿತು. ಕಲಾ ವ್ಯಾಪಾರಿಯಾಗಿದ್ದ ಅವನ ಚಿಕ್ಕಪ್ಪ ಕೋರ್ 1882ರಲ್ಲಿ ಹೇಗ್ ಊರಿನ 12 ಪೆನ್ನಿನ ಚಿತ್ರಗಳನ್ನು ಬರೆಸಿದರು. ಒಂದಕ್ಕೆ ಎರಡೂವರೆ ಗಿಲ್ಡರ್. ಆದರೆ ಬಾರ್ಗ್ ಹಾಳೆ ಕಳಿಸಿದ್ದ ಅದೇ ಟೆರ್ಸ್ಟೀಖ್ ಈಗ ಇವನ ಚಿತ್ರ ಮಾರಾಟವಾಗುವಂಥದ್ದಲ್ಲ, ಮೊದಲು ಹೊಟ್ಟೆಪಾಡು ನೋಡಿಕೊಳ್ಳಲಿ ಅನ್ನತೊಡಗಿದರು. ಟೆರ್ಸ್ಟೀಖ್ ಮಾತು ಬಂದಾಗಲೆಲ್ಲ ಪತ್ರದಲ್ಲಿ ಹಳೆಯ ನೋವು ಎದ್ದು ಬರುತ್ತದೆ. ನಾಲ್ಕು ಸಾಲು ಕೆಳಗೆ ಮತ್ತೆ ಕಾಗದ, ಪೆನ್ಸಿಲು.

ಆ ವರ್ಷ ಅವನು ಒಂದು ಪರ್ಸ್‌ಪೆಕ್ಟಿವ್ ಚೌಕಟ್ಟು ಮಾಡಿಸಿಕೊಂಡ. ಮರದ ಚೌಕಟ್ಟಿಗೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ದಾರ ಕಟ್ಟಿದ್ದು. ಕಡಲ ತೀರದ ಮರಳಿನಲ್ಲಿ ಊರಿ ನಿಲ್ಲಿಸಿ, ದಾರಗಳ ನಡುವಿನಿಂದ ನೋಡಿ, ಯಾವುದು ಯಾವುದರ ಎಷ್ಟಿದೆ ಅಂತ ಅಳೆಯುವುದು. ಇದರ ಬಗ್ಗೆ ತಮ್ಮನಿಗೆ ಚಿತ್ರ ಸಮೇತ ಬರೆದ. ತನಗೆ ಅಳತೆ ಬರುವುದಿಲ್ಲ ಅನ್ನುವುದನ್ನು ಮುಚ್ಚಿಟ್ಟುಕೊಂಡವರು ಹೀಗೆ ಬೀಚಿನಲ್ಲಿ ಎಲ್ಲರೆದುರು ಚೌಕಟ್ಟು ಹೊತ್ತು ತಿರುಗುವುದಿಲ್ಲ, ಅಲ್ವಾ?

ಆ ವರ್ಷದ್ದೇ ಒಂದು ಚಿತ್ರವಿದೆ. ವೃದ್ಧಾಶ್ರಮದ ಅಜ್ಜನೊಬ್ಬನನ್ನು ದುಡ್ಡು ಕೊಟ್ಟು ಕೂರಿಸಿ ಬರೆದದ್ದು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಮೊಣಕೈ ಊರಿ, ಎರಡೂ ಮುಷ್ಟಿಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾನೆ. ದುಃಖದ ಚಿತ್ರ ಅಂತ ಎಲ್ಲರೂ ಹೇಳುತ್ತಾರೆ. ನಾನು ನೋಡುವುದು ಮುಷ್ಟಿಗಳನ್ನು. ನಾವಾಗಿದ್ದರೆ ಮುಖ ಬರೆದು ಕೈ ಬಚ್ಚಿಡುತ್ತಿದ್ದೆವು. ಇವನು ಸುಲಭವಾದ ಮುಖವನ್ನು ಬಚ್ಚಿಟ್ಟು ಕಷ್ಟದ ಕೈಯನ್ನು ಮುಂದಕ್ಕೆ ತಂದಿದ್ದಾನೆ.

ಇಲ್ಲಿ ನಮ್ಮ ಮೈಸೂರಿನವರೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಹೈಸ್ಕೂಲು ಮುಗಿಸಿ ಬಾಂಬೆಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣುತ್ತಿಲ್ಲ ಅಂತ ಉತ್ತರ ಬಂತು. ಆ ವಯಸ್ಸಿನ ಹುಡುಗನಿಗೆ 'ನೀನು ಏನು?' ಅನ್ನುವ ಪ್ರಶ್ನೆಗೆ ಲೆಟರ್‌ಹೆಡ್ ಮೇಲೆ ಸಿಕ್ಕ ಉತ್ತರ ಅದು. ಲಕ್ಷ್ಮಣ್ ಮೈಸೂರಿನಲ್ಲೇ ಬಿ.ಎ. ಓದಿದರು. ಓದುತ್ತಲೇ ಅಣ್ಣ ನಾರಾಯಣ್ ಕತೆಗಳಿಗೆ 'ದಿ ಹಿಂದೂ'ನಲ್ಲಿ ಚಿತ್ರ ಬರೆದರು. ರಾಶಿಯವರ ಹಾಸ್ಯಪತ್ರಿಕೆ 'ಕೊರವಂಜಿ'ಗೆ ಬರೆದರು. ಕಾಗೆ ಬರೆಯುವುದನ್ನಂತೂ ಚಿಕ್ಕಂದಿನಿಂದ ಮುಪ್ಪಿನವರೆಗೂ ಬಿಡಲಿಲ್ಲ. ಕಿಟಕಿಯಿಂದ ಕಾಣುತ್ತಿದ್ದ ಕಾಗೆ, ಒಣಗಿದ ಕಡ್ಡಿ, ಎಲೆ, ಸೌದೆ ಒಡೆಯುವ ಆಳು, ಇವೇ ಅವರ ಮೊದಲ ಪಾಠ. ಕಾಗೆ ಯಾವ ಕಾಲೇಜಿನ ಸೀಟನ್ನೂ ಕೇಳುವುದಿಲ್ಲ. ಕೊಕ್ಕು ಸರಿ ಬಂತೋ ಇಲ್ಲವೋ ಅಷ್ಟೇ.

ಮತ್ತೆ ವ್ಯಾನ್ ಗೋಗೆ ಬರೋಣ. ನ್ಯೂನನ್ ಅನ್ನುವ ಹಳ್ಳಿಯಲ್ಲಿ 1884ರ ಕೊನೆಯಿಂದ ಚಳಿಗಾಲವೆಲ್ಲ ಕೂತು ರೈತರ ಮುಖ, ಕೈಗಳ ಅಭ್ಯಾಸ ಮಾಡಿದ. 1885ರ ವಸಂತದಲ್ಲಿ ಆಲೂಗಡ್ಡೆ ತಿನ್ನುವ ಐದು ಜನರ ಆ ದೊಡ್ಡ ಚಿತ್ರ ಬಂತು. ದೀಪದ ಕೆಳಗೆ, ಒಂದೇ ತಟ್ಟೆಗೆ ಕೈ ಹಾಕುವವರು. ನೆಲ ಅಗೆದ ಅದೇ ಕೈಯಿಂದ ಇವರು ತಿನ್ನುತ್ತಿದ್ದಾರೆ ಅನ್ನುವುದು ಕಾಣಬೇಕು ಅಂತ ಥಿಯೋಗೆ ಬರೆದ. ಅದೇ ಚಿತ್ರವನ್ನು ನೆನಪಿನಿಂದ ಕಲ್ಲಚ್ಚಿಗೆ ಇಳಿಸಿ, ಅದರ ಒಂದು ಪ್ರತಿಯನ್ನು ಗೆಳೆಯ ವ್ಯಾನ್ ರಾಪಾರ್ಡ್‌ಗೆ ಕಳಿಸಿದ. ಐದು ವರ್ಷದ ಸ್ನೇಹ, ಅವನೂ ಚಿತ್ರಕಾರನೇ.

ರಾಪಾರ್ಡ್‌ನ ಉತ್ತರ ಓದಿದರೆ ಈಗಲೂ ಮೈ ಝುಂ ಅನ್ನುತ್ತದೆ. ಬಲಗಡೆಯವನಿಗೆ ಮೊಣಕಾಲು, ಹೊಟ್ಟೆ, ಶ್ವಾಸಕೋಶ ಇಲ್ಲವಾ, ಅಥವಾ ಬೆನ್ನಲ್ಲಿವೆಯಾ? ತೋಳು ಒಂದು ಮೀಟರ್ ಗಿಡ್ಡವಾಗಿದೆ. ಮೂಗು ಅರ್ಧ ಇಲ್ಲ. ಎಡಗಡೆಯವಳ ಮೂಗೋ, ಪೈಪಿನ ಕಡ್ಡಿಯ ತುದಿಗೆ ಚೌಕ ಇಟ್ಟ ಹಾಗಿದೆ. ಇಂಥ ಕೆಲಸ ಮಾಡಿ ಮಿಲೆಯ ಹೆಸರು ಹೇಳುತ್ತೀಯಲ್ಲ! ವ್ಯಾನ್ ಗೋ ಆ ಪತ್ರವನ್ನೇ ಮಡಚಿ ವಾಪಸು ಕಳಿಸಿದ. ಆಮೇಲೆ ಪತ್ರಗಳು ಓಡಾಡಿದವು, ಸ್ನೇಹ ಉಳಿಯಲಿಲ್ಲ.

ಅಚ್ಚನ್ನು ನೋಡಿದರೆ ರಾಪಾರ್ಡ್ ಹೇಳಿದ್ದು ಸುಳ್ಳಲ್ಲ. ತೋಳು ಗಿಡ್ಡವೇ. ಆದರೆ ಇಷ್ಟು ಹೊತ್ತಿಗೆ ವ್ಯಾನ್ ಗೋಗೆ ಬೈಗುಳವನ್ನು ಎರಡು ಮಾಡಿ ನೋಡುವುದು ಗೊತ್ತಾಗಿತ್ತು. ತೋಳಿನ ಮಾತು ತೋಳಿಗೆ. ನೀನು ಇಂಥವನು ಅನ್ನುವ ಮಾತು ಲಕೋಟೆಗೆ ಹಾಕಿ ವಾಪಸು. ಕೆಲವೇ ವಾರಗಳಲ್ಲಿ ತಮ್ಮನಿಗೆ ಇನ್ನೂ ಮುಂದೆ ಹೋಗಿ ಬರೆದ: ನನ್ನ ಆಕೃತಿಗಳು ಅಕಾಡೆಮಿ ಲೆಕ್ಕದಲ್ಲಿ ಸರಿಯಾಗಿದ್ದರೆ ನನಗೆ ಬೇಸರವಾಗುತ್ತಿತ್ತು, ಇದ್ದದ್ದನ್ನು ಬದಲಿಸಿ ಬರೆದರೂ ಅದಕ್ಕಿಂತ ನಿಜ ಅನ್ನಿಸುವ ತಪ್ಪುಗಳನ್ನು ಮಾಡಲು ಕಲಿಯಬೇಕು, ಅಂತ. ಈ ಮಾತನ್ನು ನಾವು ಇಲಸ್ಟ್ರೇಟರ್‌ಗಳು ಸೋಮಾರಿತನಕ್ಕೆ ಗುರಾಣಿಯಾಗಿ ಬಳಸುತ್ತೇವೆ: "ಅದು ನನ್ನ ಸ್ಟೈಲ್." ಅಷ್ಟು ಕೈ, ಅಷ್ಟು ತಲೆ ಬರೆದವನು ಹೇಳಿದರೆ ಒಪ್ಪೋಣ. ಜೇಬಿನೊಳಗೆ ಕೈ ತುರುಕಿ ಅದು ಸ್ಟೈಲ್ ಅನ್ನುವುದು ಬೇರೆ.

ಅವನದೇ ಇನ್ನೊಂದು ಮಾತು ಪೋಸ್ಟರ್‌ಗಳ ಮೇಲೆ ತಿರುಗುತ್ತಿರುತ್ತದೆ. ನಿನಗೆ ಚಿತ್ರ ಬರೆಯಲು ಬರುವುದಿಲ್ಲ ಅಂತ ಒಳಗೊಂದು ದನಿ ಹೇಳಿದರೆ ಆಗಲೇ ಕೂತು ಬರೆ, ಆ ದನಿ ಅಡಗುತ್ತದೆ, ಅನ್ನುವ ಅರ್ಥದ್ದು. ತನಗೆ ತಾನೇ ಧೈರ್ಯ ಹೇಳಿಕೊಂಡದ್ದು ಅಂತ ನಾನು ಅಂದುಕೊಂಡಿದ್ದೆ. 1883ರ ಆ ಪತ್ರ ಪೂರ್ತಿ ಓದಿದರೆ ಅವನು ಹೇಳುತ್ತಿರುವುದು ಥಿಯೋಗೆ. ಆ ಗೂಪಿಲ್ ಕೆಲಸ ಬಿಡು, ನೀನೂ ಚಿತ್ರಕಾರನಾಗು ಅಂತ ಹಟ ಹಿಡಿದಿದ್ದಾನೆ. ಥಿಯೋ ಬಿಡಲಿಲ್ಲ. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಬಣ್ಣಕ್ಕೆ ದುಡ್ಡು ಕಳಿಸುವವರು ಯಾರಿದ್ದರು?

ಇದೆಲ್ಲ ತಲೆಯಲ್ಲಿ ಕೂತಮೇಲೆ ನಾನು ಮಾಡಿದ್ದು ದೊಡ್ಡದೇನಲ್ಲ. ಗಾಂಧಿ ಬಜಾರಿಗೆ ಹೋಗಿ ಹೂ ಕಟ್ಟುವವರ ಕೈ ನೋಡಿದೆ. ಆಗ ಕೈಲಿದ್ದ ಪುಸ್ತಕದಲ್ಲಿ ಹೂ ಮಾರುವ ಅಮ್ಮ ಒಬ್ಬಳು ಬರುತ್ತಿದ್ದಳು. ಹೂ ಕಟ್ಟುವ ಕೈಯನ್ನು ಬೆನ್ನ ಹಿಂದೆ ಕಟ್ಟಲು ಆಗುವುದಿಲ್ಲ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ದಿನವೂ ಹಾದು ಹೋಗುವ ಜಾಗ. ಆದರೂ ನಿಂತು ನೋಡುವವರೆಗೆ ಹೂ ಹೇಗೆ ಕಟ್ಟುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಎರಡು ಮೊಗ್ಗು ಆ ಕಡೆಗೆ, ಎರಡು ಈ ಕಡೆಗೆ. ತೊಟ್ಟುಗಳು ಮಧ್ಯದಲ್ಲಿ ಒಂದರ ಮೇಲೊಂದು. ಬಲಗೈಯ ದಾರ ಸುತ್ತಿ ಬಂದು, ಬೆರಳಿನ ತುದಿಯಲ್ಲಿ ಕುಣಿಕೆಯಾಗಿ, ತೊಟ್ಟಿನ ಮೇಲೆ ಬಿದ್ದು, ಟಪ್ ಅಂತ ಬಿಗಿಯುತ್ತದೆ. ಕಣ್ಣು ಗಿರಾಕಿಯ ಮೇಲೆ, ಬಾಯಿ ಪಕ್ಕದವಳ ಜೊತೆ ಜಗಳದಲ್ಲಿ. ಕೈ ಮಾತ್ರ ತನ್ನ ಪಾಡಿಗೆ.

ಬರೆಯಲು ಕೂತರೆ ಮೊದಲು ಬಂದದ್ದೆಲ್ಲ ನನ್ನ ತಲೆಯೊಳಗಿನ ಕೈ: ಉದ್ದ ಬೆರಳು, ಚೂಪು ಉಗುರು, ಜಾಹೀರಾತಿನ ಕೈ. ಎದುರಿನ ಕೈ ಹಾಗಿರಲಿಲ್ಲ. ಹೆಬ್ಬೆರಳಿನ ಪಕ್ಕ ದಾರ ಎಳೆದೆಳೆದು ಒಂದು ಗೀರು ಬಿದ್ದಿತ್ತು. ಉಗುರು ಹಸಿರು. ಕಿರುಬೆರಳು ಕೆಲಸವಿಲ್ಲದೆ ಹೊರಗೆ ಮಡಚಿಕೊಂಡಿತ್ತು. ಆ ಕಿರುಬೆರಳು ಬರೆದಮೇಲೆ ಕೈಗೆ ಜೀವ ಬಂತು. "ಏನಪ್ಪಾ, ಕೈ ಒಂದೇ ಬರೀತೀಯಾ, ನನ್ ಮುಖ ಚೆನ್ನಾಗಿಲ್ವಾ?" ಅಂತ ಆಯಮ್ಮ ಕೇಳಿದರು. ಮುಖ ಬರೆಯಲು ಬರುತ್ತೆ ಅಮ್ಮ, ಕೈ ಬರಲ್ಲ ಅಂದೆ. "ಹಂಗಾದ್ರೆ ಬರ್ಕೋ" ಅಂದು ಇನ್ನೊಂದು ಮೊಳ ಕಟ್ಟಿದರು. ಅವರಿಗೆ ನಾನು ಕಲಾವಿದನೋ ಅಲ್ಲವೋ ಅನ್ನುವುದು ವಿಷಯವೇ ಆಗಿರಲಿಲ್ಲ. ಆವತ್ತು ನನಗೂ ಆಗಿರಲಿಲ್ಲ.

ಬೆಳೆಯುವುದು ಅಂದರೆ ಅನುಮಾನ ಪೂರ್ತಿ ಹೋಗುವುದು ಅಂತ ನಂಬಿದ್ದವನು ನಾನು. ವ್ಯಾನ್ ಗೋ 1888ರ ಬೇಸಿಗೆಯಲ್ಲಿ ಫ್ರಾನ್ಸಿನ ಆರ್ಲ್ ಊರಿನ ಹತ್ತಿರದ ಗುಡ್ಡದ ಮೇಲಿಂದ ಬರೆದ ಬಯಲಿನ ಚಿತ್ರಗಳನ್ನು ನೋಡಿದರೆ ಹಾಗೇ ಅನ್ನಿಸುತ್ತದೆ. ಜೊಂಡಿನ ಕಡ್ಡಿ ಕತ್ತರಿಸಿ ಲೇಖನಿ ಮಾಡಿಕೊಂಡು ಬರೆದವು. ಚುಕ್ಕಿ, ಅಡ್ಡಗೆರೆ, ಸುಳಿ, ಇಷ್ಟರಲ್ಲೇ ಹೊಲ, ಬೇಲಿ, ಬಿಸಿಲು ಎಲ್ಲ ಬಂದಿದೆ. ದೂರ ಹೋದಷ್ಟೂ ಚುಕ್ಕಿ ಸಣ್ಣದಾಗುತ್ತದೆ. ಎಲ್ಲೂ ಅಳುಕಿಲ್ಲ. ಆದರೆ ಶಾಯಿಯ ಕೆಳಗೆ ಪೆನ್ಸಿಲಿನ ಗುರುತುಗಳಿವೆ. ಮೊದಲು ಮೆಲ್ಲಗೆ ಹುಡುಕಿಕೊಂಡೇ ಶಾಯಿ ಇಟ್ಟಿದ್ದಾನೆ.

1890ರ ಜೂನಿನಲ್ಲಿ, ಸಾಯಲು ಎರಡು ತಿಂಗಳೂ ಇಲ್ಲದಾಗ, ಥಿಯೋಗೆ ಒಂದು ಬೇಡಿಕೆ ಇಟ್ಟ: ಬಾರ್ಗ್‌ನ ಇದ್ದಿಲಿನ ಹಾಳೆಗಳನ್ನು ಕಳಿಸು, 60ನ್ನೂ ಇನ್ನೊಂದು ಸಲ ನಕಲು ಮಾಡಬೇಕು, ಅಳತೆಯ ಅಭ್ಯಾಸ ಬಿಟ್ಟರೆ ಮುಂದೆ ಕಷ್ಟವಾಗುತ್ತದೆ. ಸೂರ್ಯಕಾಂತಿ ಬರೆದಾಗಿತ್ತು, ಆ ಆಕಾಶ ಬರೆದಾಗಿತ್ತು. ಆಮೇಲೆ ಕೇಳಿದ್ದು ಕಲಿಯುವ ಹುಡುಗರ ಪಾಠದ ಹಾಳೆ.

ಹೂವಿನ ಪುಟದ ಫೈನಲ್ ಕಳಿಸಿದ್ದೆ. ನಿನ್ನೆ ಎಡಿಟರ್ ಮೇಡಂ ಫೋನ್ ಮಾಡಿದ್ದರು. ಕೈ ಚೆನ್ನಾಗಿ ಬಂದಿದೆ ಅಂದರು. ಆದರೆ ಅಮ್ಮನ ಪಕ್ಕ ಕೂತ ಮಗಳು ಚಾಪೆ ಮೇಲೆ ಕೂತ ಹಾಗಿಲ್ಲ, ತೇಲುತ್ತಿದ್ದಾಳೆ ಅಂದರು. ತೆಗೆದು ನೋಡಿದೆ. ಹೌದು, ತೇಲುತ್ತಿದ್ದಾಳೆ. ಕೆಳಗೆ ನೆರಳು ಹಾಕಿದರೆ ಮುಗಿಯುವ ಕೆಲಸವಲ್ಲ, ಮಡಚಿದ ಕಾಲನ್ನೇ ಮತ್ತೆ ಬರೆಯಬೇಕು. ಶನಿವಾರ ಪಕ್ಕದ ಮನೆಯ ಹುಡುಗಿಗೆ ಅರ್ಧ ದಿನ ಸ್ಕೂಲು. ಮಧ್ಯಾಹ್ನ ಬಂದು ಚಕ್ಕಳಮಕ್ಕಳ ಹಾಕಿ ಕೂರಲು ಒಪ್ಪಿದ್ದಾಳೆ. ಅಲ್ಲಾಡದೆ ಕೂತರೆ ಎರಡು ಚಾಕೊಲೇಟು, ಅಲ್ಲಾಡಿದರೆ ಒಂದು ಅಂತ ಮಾತಾಗಿದೆ.